ಕ್ಯಾನಿಯನ್‌ಗೆ ಕನ್ನಡದಲ್ಲಿ ಏನನ್ನುತ್ತಾರೆ? ಕಣಿವೆ ಅಂದರೆ ಸಾಕಾ?

ಸಾಲದು. ಕಣಿವೆ ಅಂದರೆ ಎರಡು ಬೆಟ್ಟಗಳ ನಡುವಿನ ತಗ್ಗು. ಅಗಲವಾಗಿರಬಹುದು, ಊರು, ಗದ್ದೆ ಎಲ್ಲಾ ಇರಬಹುದು. ಬೆಟ್ಟಸಾಲಿನ ನಡುವಿನ ಸಂದಿಗೂ ಇದೇ ಹೆಸರು. ಹಿರಿಯೂರಿನ ಹತ್ತಿರ ಮಾರಿಕಣಿವೆ ಇದೆ ಅಲ್ವಾ? ವೇದಾವತಿ ನದಿ ಗುಡ್ಡ ಸೀಳಿಕೊಂಡು ಹೊರಬರುವ ಆ ಸಂದಿಗೇ ಅಣೆಕಟ್ಟು ಕಟ್ಟಿದ್ದು.

ಎರಡೂ ಕಡೆ ಬಂಡೆ ನೆಟ್ಟಗೆ ನಿಂತು, ಕೆಳಗೆ ನದಿ ಹರಿಯುತ್ತಿದ್ದರೆ ‘ಕಮರಿ’ ಸರಿಯಾದ ಪದ. ಮೇಕೆದಾಟುವಿನಲ್ಲಿ ಕಾವೇರಿಯನ್ನು ನೋಡಿ: ಅಷ್ಟಗಲದ ಹೊಳೆ, ಮೇಕೆ ಹಾರಿ ದಾಟಿತು ಅನ್ನುವಷ್ಟು ಕಿರಿದಾದ ಬಂಡೆಸಂದಿಗೆ ನುಗ್ಗುತ್ತದೆ. ‘ಕಂದರ’ವೂ ನಡೆಯುತ್ತದೆ, ಆದರೆ ಅದು ಪುಸ್ತಕದ ಮಾತು. ಸಂಸ್ಕೃತದಲ್ಲಿ ಅದಕ್ಕೆ ಗುಹೆ ಅಂತಲೂ ಅರ್ಥ.

ನನಗೆ ಇಷ್ಟವಾದ ಪದ ಉತ್ತರ ಕರ್ನಾಟಕದ ‘ಕೊಳ್ಳ’. ಮಳೆನೀರು ಗುಡ್ಡ ಕೊರೆದು ಮಾಡಿದ ತಗ್ಗು, ಹಳ್ಳ ಹರಿಯುವ ಜಾಗ. ಐಹೊಳೆ ಹತ್ತಿರದ ಸಿದ್ಧನಕೊಳ್ಳ ಇಂಥದ್ದೇ.

‘ಪ್ರಪಾತ’ವನ್ನು ಮಾತ್ರ ಸುಮ್ನೆ ಬಳಸಬೇಡಿ. ಅದು ಕಡಿದಾದ ಅಂಚು, ಕೆಳಗೆ ಬೀಳುವ ಜಾಗ. ಬಸ್ಸು ಪ್ರಪಾತಕ್ಕೆ ಉರುಳುತ್ತದೆ, ನದಿ ಕಮರಿಯಲ್ಲಿ ಹರಿಯುತ್ತದೆ.

ಅಮೆರಿಕದ್ದನ್ನು ಗ್ರ್ಯಾಂಡ್ ಕ್ಯಾನಿಯನ್ ಅಂತಲೇ ಬರೆಯಿರಿ, ಅದು ಹೆಸರು. ವಿವರಿಸುವಾಗ ‘ಕೊಲೊರಾಡೊ ನದಿ ಕೊರೆದ ಕಮರಿ’ ಅನ್ನಿ.