ಟಿಕೆಟ್ ಬುಕ್ ಮಾಡಿದ ದಿನವೇ ವಿಮೆಯನ್ನೂ ಮಾಡಿಸಿ

ಪ್ರಶ್ನೆ: ಮೇಡಂ, ಈ ರಜೆಯಲ್ಲಿ ಮೊದಲ ಸಲ ಮನೆಯವರೆಲ್ಲ ಸೇರಿ ವಿದೇಶಕ್ಕೆ ಹೊರಟಿದ್ದೇವೆ. ನಾವಿಬ್ಬರು, ಇಬ್ಬರು ಮಕ್ಕಳು, ಅತ್ತೆ, ಮಾವ. ಮಾವನವರಿಗೆ ಬಿಪಿ ಇದೆ, ದಿನಾ ಮಾತ್ರೆ ತೆಗೆದುಕೊಳ್ಳುತ್ತಾರೆ. ಪ್ರಯಾಣ ವಿಮೆ ಮಾಡಿಸೋಣ ಅಂದರೆ ನಮ್ಮವರು, "ಏನೂ ಆಗದಿದ್ದರೆ ದುಡ್ಡು ದಂಡ" ಎನ್ನುತ್ತಾರೆ. ನನಗೋ ಒಳಗೊಳಗೇ ಅಳುಕು. ನಿಜಕ್ಕೂ ಇದರಿಂದ ಉಪಯೋಗ ಇದೆಯಾ?
– ಹೆಸರು ಬೇಡ ಎಂದಿರುವ ಓದುಗರು

ಉತ್ತರ: ಇದೆ. ನಿಮ್ಮ ಅಳುಕಿನಲ್ಲಿ ಅರ್ಥವೂ ಇದೆ. ನಾನು ಪ್ರಯಾಣ ವಿಮೆಯ ಕ್ಲೇಮ್ (ಪರಿಹಾರ ಕೇಳುವ ಅರ್ಜಿ) ಫೈಲುಗಳನ್ನು ನೋಡುವ ಕೆಲಸದಲ್ಲಿದ್ದವಳು. ವಿಮೆ ಎಂದರೆ ಕಳೆದುಹೋದ ಸೂಟ್‌ಕೇಸಿಗೆ ದುಡ್ಡು ಬರುವುದು ಎಂದುಕೊಂಡವರೇ ಜಾಸ್ತಿ. ಆದರೆ ಒಂದು ಸಂಸಾರದ ಉಳಿತಾಯವನ್ನೆಲ್ಲ ನುಂಗಿಹಾಕುವುದು ಸೂಟ್‌ಕೇಸ್ ಅಲ್ಲ, ಪರದೇಶದ ಆಸ್ಪತ್ರೆಯ ಬಿಲ್ಲು. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಿಗುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಬೇಕೇ ಬೇಕು ಎಂಬ ನಿಯಮ ಇರುವುದು ಇದಕ್ಕೇ. ಕಾಯಿಲೆ ಬಿದ್ದವರನ್ನು ಊರಿಗೆ ವಾಪಸ್ ಕಳಿಸುವ ಖರ್ಚೂ ಅದರಲ್ಲಿ ಸೇರಿರಬೇಕು. ಕಾಲು ಮುರಿದು ಮಲಗಿದವರನ್ನು ವಿಮಾನದಲ್ಲಿ ಕರೆತರಬೇಕೆಂದರೆ ಹಲವು ಸೀಟುಗಳ ಜಾಗದಲ್ಲಿ ಸ್ಟ್ರೆಚರ್ ಹಾಕಬೇಕು, ಜೊತೆಗೆ ಡಾಕ್ಟರೋ ನರ್ಸೋ ಬರಬೇಕು. ಆ ಖರ್ಚನ್ನು ಕೈಯಿಂದ ಹಾಕುವುದು ಎಲ್ಲರಿಂದಲೂ ಆಗುವ ಮಾತಲ್ಲ.

ನನ್ನ ಕೈಗೆ ಬಂದ ಒಂದು ಫೈಲು ಈಗಲೂ ನೆನಪಿದೆ. ಹೋಟೆಲಿನ ಈಜುಕೊಳದ ಪಕ್ಕ ಹುಡುಗ ಜಾರಿ ಬಿದ್ದು ಮಣಿಕಟ್ಟು ಮುರಿದಿತ್ತು. ತಾಯಿ ಮಾಡಿದ ಮೊದಲ ಕೆಲಸ, ಹೋಟೆಲಿನ ರಿಸೆಪ್ಷನ್‌ನಿಂದಲೇ ಪಾಲಿಸಿಯ ಸಹಾಯವಾಣಿಗೆ ಫೋನ್. ಪಾಲಿಸಿ ನಂಬರು, ಪಾಸ್‌ಪೋರ್ಟ್ ನಂಬರು ಎರಡನ್ನೂ ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡಿದ್ದರು. ಯಾವ ಆಸ್ಪತ್ರೆಗೆ ಹೋಗಬೇಕೆಂದು ಸಹಾಯವಾಣಿಯವರು ಹೇಳಿದರು. ಬಿಲ್ಲು ತಾವೇ ಕಟ್ಟುತ್ತೇವೆಂದು ಆಸ್ಪತ್ರೆಗೆ ಪತ್ರವನ್ನೂ ಕಳಿಸಿದರು. ಗೊತ್ತಿಲ್ಲದ ಊರು, ಬಾರದ ಭಾಷೆ, ಅಳುವ ಮಗು. ಅಂಥ ಹೊತ್ತಲ್ಲಿ ಮುಂದೇನು ಅಂತ ಹೇಳುವವರು ಒಬ್ಬರು ಇದ್ದರೆ ಅದರ ಬೆಲೆಯೇ ಬೇರೆ. ಹಾಗಾಗಿ ಆ ಸಹಾಯವಾಣಿಯ ನಂಬರು ನಿಮ್ಮ ಮನೆಯವರ ಫೋನಿನಲ್ಲಿ ಮಾತ್ರ ಇರುವುದು ಸಾಲದು. ಎಲ್ಲ ದೊಡ್ಡವರ ಹತ್ತಿರವೂ ಕಾಗದದ ಮೇಲೆ ಇರಲಿ. ಆಸ್ಪತ್ರೆಗೆ ಸೇರುವ ಮೊದಲೇ ಫೋನ್ ಮಾಡಿ. ತೀರಾ ತುರ್ತಾದರೆ ಸೇರಿಸಿದ ತಕ್ಷಣ ಮಾಡಿ.

ಈಗ ನಿಮ್ಮ ಮಾವನವರ ವಿಷಯ. ನಾನು ಒತ್ತಿ ಹೇಳಬೇಕಾದದ್ದು ಇದನ್ನೇ. ಅರ್ಜಿಯಲ್ಲಿ ಬಿಪಿ ಇದೆ ಎಂದು ಬರೆಯಿರಿ. ಮಾತ್ರೆಯ ಹೆಸರನ್ನೂ ಬರೆಯಿರಿ. "ಮಾತ್ರೆಯಿಂದ ಕಂಟ್ರೋಲ್‌ನಲ್ಲಿದೆ, ಬರೆಯೋದೇನೂ ಬೇಡ" ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ನಾಳೆ ಅಲ್ಲಿ ಪಾರ್ಶ್ವವಾಯು ಹೊಡೆದರೆ ಕಂಪನಿ ಹಳೆಯ ವೈದ್ಯಕೀಯ ದಾಖಲೆಗಳನ್ನು ಕೇಳುತ್ತದೆ. ಮುಚ್ಚಿಟ್ಟದ್ದು ಆಗ ಹೊರಗೆ ಬರುತ್ತದೆ, ಕ್ಲೇಮ್ ಬಿದ್ದುಹೋಗುತ್ತದೆ. ಇಂಥ ಫೈಲುಗಳನ್ನು ಮುಚ್ಚುವಾಗ ನನಗೆ ತುಂಬಾ ಸಂಕಟವಾಗುತ್ತಿತ್ತು. ಮೊದಲೇ ಇರುವ ಕಾಯಿಲೆಯನ್ನು ಕೆಲವು ಪಾಲಿಸಿಗಳು ಪೂರ್ತಿ ಹೊರಗಿಡುತ್ತವೆ. ಕೆಲವು ಪ್ರಾಣಕ್ಕೆ ಕುತ್ತು ಬಂದಾಗ ಮಾತ್ರ ಕೊಡುತ್ತವೆ. ಇನ್ನು ಕೆಲವು ಹೆಚ್ಚಿನ ಪ್ರೀಮಿಯಂ ಪಡೆದು ಒಪ್ಪಿಕೊಳ್ಳುತ್ತವೆ. ನಿಮ್ಮದು ಇದರಲ್ಲಿ ಯಾವುದು ಎಂದು ಬರಹದಲ್ಲಿ ಕೇಳಿ ಪಡೆಯಿರಿ.

ಕುಟುಂಬ ಪಾಲಿಸಿ ಎಂದರೆ ಒಂದೇ ಮೊತ್ತವನ್ನು ಎಲ್ಲರೂ ಹಂಚಿಕೊಳ್ಳುವ ಬಗೆಯೂ ಇದೆ, ತಲೆಗೆ ಇಷ್ಟು ಎನ್ನುವ ಬಗೆಯೂ ಇದೆ. ಅದರ ಮೇಲೆ ವಯಸ್ಸಿನ ಮಿತಿಯೂ ಇರುತ್ತದೆ. ನನ್ನನ್ನು ಕೇಳಿದರೆ, ಅತ್ತೆ-ಮಾವನಿಗೆ ಬೇರೆ ಪಾಲಿಸಿ, ನೀವು ನಾಲ್ವರಿಗೆ ಒಂದು ಪಾಲಿಸಿ ಮಾಡಿಸುವುದು ಒಳ್ಳೆಯದು.

ಹೊರಡುವ ಹಿಂದಿನ ದಿನ ಮಾಡಿಸಿದರಾಯಿತು ಎಂದುಕೊಳ್ಳಬೇಡಿ. ಪ್ರವಾಸ ರದ್ದಾದರೆ ಹಣ ಕೊಡುವ ರಕ್ಷಣೆ ಸಾಮಾನ್ಯವಾಗಿ ಪಾಲಿಸಿ ತೆಗೆದುಕೊಂಡಾಗಿನಿಂದಲೇ ಶುರು. ಹೊರಡಲು ವಾರ ಇರುವಾಗ ಮಗುವಿಗೆ ಡೆಂಗಿ ಬಂದು ಆಸ್ಪತ್ರೆ ಸೇರಿದರೆ ಕೈ ಹಿಡಿಯುವುದು ಇದೇ. ಸುಮ್ನೆ ಮನಸ್ಸು ಬದಲಾಯಿತು ಅಂದರೆ ಮಾತ್ರ ಮಾಮೂಲಿ ಪಾಲಿಸಿ ಕೊಡುವುದಿಲ್ಲ. ಇನ್ನೊಂದು ವಿಷಯ, ತೊಂದರೆಯೊಂದು ಎಲ್ಲರಿಗೂ ಗೊತ್ತಾದ ಮೇಲೆ ವಿಮೆ ಕೊಂಡರೆ ಆ ಕಾರಣಕ್ಕೆ ಪರಿಹಾರ ಸಿಗುವುದಿಲ್ಲ. 2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿ ಬೂದಿ ಹಬ್ಬಿ ಯುರೋಪಿನ ವಿಮಾನಗಳು ದಿನಗಟ್ಟಲೆ ನಿಂತುಹೋದವಲ್ಲ, ಅಂಥ ಸುದ್ದಿ ಬಂದ ಮೇಲೆ ಪಾಲಿಸಿ ಕೊಳ್ಳಲು ಓಡಿದರೆ ಪ್ರಯೋಜನ ಇಲ್ಲ.

ಸೂಟ್‌ಕೇಸ್ ಬರದಿದ್ದರೆ ವಿಮಾನ ನಿಲ್ದಾಣದಿಂದ ಹೊರಡುವ ಮೊದಲೇ ವಿಮಾನ ಕಂಪನಿಯ ಕೌಂಟರಿನಲ್ಲಿ ದೂರು ಬರೆಸಿ, ಅದರ ಪ್ರತಿ ಇಟ್ಟುಕೊಳ್ಳಿ. ವಿಮಾನ ಪ್ರಯಾಣದ ಬಗ್ಗೆ ದೇಶಗಳು ಮಾಡಿಕೊಂಡ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಸಾಮಾನು ಹಾಳಾಗಿದ್ದರೆ 7 ದಿನ, ತಡವಾಗಿ ಸಿಕ್ಕರೆ 21 ದಿನದೊಳಗೆ ವಿಮಾನ ಕಂಪನಿಗೆ ಬರಹದಲ್ಲಿ ದೂರು ಕೊಡಬೇಕು. ಬೋರ್ಡಿಂಗ್ ಪಾಸ್, ಬ್ಯಾಗಿನ ಟ್ಯಾಗ್, ಅಲ್ಲಿ ಕೊಂಡ ಬಟ್ಟೆಯ ಬಿಲ್ಲು ಯಾವುದನ್ನೂ ಎಸೆಯಬೇಡಿ.

ಪ್ರಶ್ನೆ: ನನ್ನ ಕ್ರೆಡಿಟ್ ಕಾರ್ಡಿನ ಜೊತೆ ಪ್ರಯಾಣ ವಿಮೆ ಪುಕ್ಕಟೆ ಎಂದಿದ್ದಾರೆ. ಬೇರೆ ಯಾಕೆ ಬೇಕು, ಅಲ್ವಾ?
– ಇನ್ನೊಬ್ಬ ಓದುಗರು

ಉತ್ತರ: ಅದನ್ನೊಂದೇ ನಂಬಿ ಹೊರಡಬೇಡಿ. ಇಂಥ ವಿಮೆ ಎಷ್ಟೋ ಸಲ ಆ ಕಾರ್ಡಿನಲ್ಲೇ ಕೊಂಡ ಟಿಕೆಟಿಗೆ ಮಾತ್ರ. ಕೆಲವು ಕಡೆ ಅಪಘಾತದಲ್ಲಿ ಸಾವು, ಅಂಗವೈಕಲ್ಯ ಇಷ್ಟಕ್ಕೇ ಮುಗಿಯುತ್ತದೆ, ಜ್ವರಕ್ಕೂ ಆಸ್ಪತ್ರೆಗೂ ಏನೂ ಇರುವುದಿಲ್ಲ. ಕಾರ್ಡ್ ಕಂಪನಿಗೆ ಇಮೇಲ್ ಬರೆದು ನಾಲ್ಕು ವಿಷಯ ಕೇಳಿ. ಹೆಂಡತಿ ಮಕ್ಕಳು ಸೇರಿದ್ದಾರೆಯೇ? ಆಸ್ಪತ್ರೆ ಖರ್ಚಿಗೆ ಮಿತಿ ಎಷ್ಟು? ಊರಿಗೆ ಕರೆತರುವ ಖರ್ಚು ಇದೆಯೇ? ಸ್ಕೂಬಾ, ಸ್ಕೀಯಿಂಗ್, ಬಾಡಿಗೆ ಸ್ಕೂಟರ್ ಇವಕ್ಕೆ ಅನ್ವಯವಾಗುತ್ತದೆಯೇ? ಉತ್ತರ ಕೈಗೆ ಬರುವ ತನಕ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.