ಲಿಂಕನ್ ಪತ್ರ: ಯಾವುದು ಅಸಲಿ?

ಪ್ರಶ್ನೆ: ‘ಅಬ್ರಹಾಂ ಲಿಂಕನ್ ತನ್ನ ಮಗನ ಶಿಕ್ಷಕರಿಗೆ ಬರೆದ ಪತ್ರ’ವನ್ನು ನಮ್ಮ ಶಾಲೆ ಗೋಡೆಗೆ ಬರೆಸಬೇಕು ಅಂತ ಎಸ್‌ಡಿಎಂಸಿಯವರು ಪೇಂಟರ್‌ಗೆ ಹೇಳಿದ್ದಾರೆ. ಅದು ಲಿಂಕನ್ ಬರೆದದ್ದೇ ಅಲ್ಲ ಅಂತಾರೆ ಹೊಸದಾಗಿ ಬಂದ ಸರ್. ಯಾರ ಮಾತು ಸರಿ?
– ಶಿಕ್ಷಕಿ, ಶಿಗ್ಗಾವಿ

ಉತ್ತರ: ಅಕ್ಕೋರೇ, ಸರ್ ಹೇಳಿದ್ದೇ ಸರಿ. ಪೇಂಟರ್‌ಗೆ ಎರಡು ದಿನ ತಡೆಯಲು ಹೇಳಿ. ಆ ಪತ್ರ ವಾಟ್ಸಾಪ್‌ನಲ್ಲಿ, ಸೆಪ್ಟೆಂಬರ್ 5ರ ಭಾಷಣಗಳಲ್ಲಿ ಓಡಾಡುತ್ತಲೇ ಇದೆ, ಆದರೆ ಅದರ ಮೂಲ ಪ್ರತಿ ಎಲ್ಲೂ ಸಿಕ್ಕಿಲ್ಲ. ತಾರೀಖಿಲ್ಲ. ಶಿಕ್ಷಕರ ಹೆಸರಿಲ್ಲ. ಲಿಂಕನ್‌ಗೆ ನಾಲ್ವರು ಗಂಡುಮಕ್ಕಳು, ಅವರಲ್ಲಿ ಯಾರ ಬಗ್ಗೆ ಬರೆದದ್ದು ಅಂತಲೂ ಇಲ್ಲ. ರಾಯ್ ಬಾಸ್ಲರ್ ಸಂಪಾದಿಸಿ 1953ರಲ್ಲಿ ಬಂದ ಲಿಂಕನ್ ಸಮಗ್ರ ಬರಹಗಳ 8 ಸಂಪುಟಗಳಲ್ಲೂ ಅದು ಇಲ್ಲ. ಮಾತುಗಳು ಒಳ್ಳೆಯವೇ, ಅದರಲ್ಲಿ ತಕರಾರಿಲ್ಲ. ಆದರೆ ಬರೆಯದವರ ಹೆಸರನ್ನು ಶಾಲೆ ಗೋಡೆ ಮೇಲೆ ಹಾಕಿದರೆ ಮಕ್ಕಳಿಗೆ ಸುಳ್ಳು ಹೇಳಿದ ಹಾಗೆ ಅಲ್ವಾ?

ಶಾಲೆಗೆ ಒಪ್ಪುವ ಅಸಲಿ ಪತ್ರ ಒಂದಿದೆ. ಲಿಂಕನ್ ಹಿರಿಮಗ ರಾಬರ್ಟ್‌ನ ಗೆಳೆಯ ಜಾರ್ಜ್ ಲೇಥಮ್, ಹಾರ್ವರ್ಡ್ ಪ್ರವೇಶ ಪರೀಕ್ಷೆಯಲ್ಲಿ ಫೇಲಾದ. ಮಗನ ಪತ್ರದಿಂದ ಸುದ್ದಿ ತಿಳಿದ ಮರುದಿನವೇ, 1860ರ ಜುಲೈ 22ರಂದು, ಲಿಂಕನ್ ಆ ಹುಡುಗನಿಗೆ ಬರೆದರು. ಆಗ ಅವರು ಅಧ್ಯಕ್ಷ ಸ್ಥಾನದ ಅಭ್ಯರ್ಥಿ, ತಲೆ ಮೇಲೆ ನೂರೆಂಟು ಕೆಲಸ. ನನ್ನ ಜೀವನದಲ್ಲಿ ಇಷ್ಟು ನೋವು ಆಗಿದ್ದೇ ಅಪರೂಪ, ಆದರೂ ನೀನು ಧೈರ್ಯಗೆಡದಿದ್ದರೆ ಇದೇನೂ ದೊಡ್ಡದಲ್ಲ, ಸೋಲುವುದಿಲ್ಲ ಅಂತ ಗಟ್ಟಿ ಮನಸ್ಸು ಮಾಡಿದರೆ ನೀನು ಸೋಲಲಾರೆ ಅಂತ ಅದರಲ್ಲಿದೆ. ತಾವು ಕಲಿತ ಶಾಲೆಯ ದಿನ ಎಲ್ಲಾ ಸೇರಿಸಿದರೂ ಒಂದು ವರ್ಷ ಆಗಲ್ಲ ಅಂತ ಲಿಂಕನ್ನರೇ ಹೇಳಿಕೊಂಡಿದ್ದರು. ಅಂಥವರು ಫೇಲಾದ ಹುಡುಗನಿಗೆ ಬರೆದ ಮಾತಿದು. ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ಓದಿ ಹೇಳಬೇಕಾದದ್ದು ಇದೇ. ಗೋಡೆಗೆ ಇದನ್ನೇ ಬರೆಸಿ, ಕೆಳಗೆ ತಾರೀಖನ್ನೂ ಹಾಕಿಸಿ.

ಪ್ರಶ್ನೆ: ಇಂಥ ಪತ್ರಗಳನ್ನು ನೋಡಲು ಅಮೆರಿಕಕ್ಕೇ ಹೋಗಬೇಕಾ?
– ಬಿ.ಎ. ವಿದ್ಯಾರ್ಥಿ, ಗದಗ

ಉತ್ತರ: ಬೇಡಪ್ಪಾ, ಮೊಬೈಲ್ ಸಾಕು. ಲಿಂಕನ್ ಕಾಗದಪತ್ರಗಳ ದೊಡ್ಡ ಸಂಗ್ರಹ ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ಅದನ್ನು ಕೊಟ್ಟದ್ದು ರಾಬರ್ಟ್. ತಾನು ಸತ್ತು 21 ವರ್ಷ ಆಗುವವರೆಗೆ ತೆರೆಯಬಾರದು ಅಂತ ಷರತ್ತು ಹಾಕಿದ್ದ. ಹಾಗಾಗಿ ಜನರಿಗೆ ಅದು ತೆರೆದದ್ದು 1947ರ ಜುಲೈ 26ರಂದು. ಈಗ ಎಲ್ಲವೂ ಸ್ಕ್ಯಾನ್ ಆಗಿ ಪುಕ್ಕಟೆ ಸಿಗುತ್ತದೆ. ಕೈಬರಹ ತಿಳಿಯದಿದ್ದರೆ, ಸುಮಾರು ಪತ್ರಗಳಿಗೆ ನಾಕ್ಸ್ ಕಾಲೇಜಿನ ವಿದ್ವಾಂಸರು ಮಾಡಿದ ಟೈಪ್ ಪ್ರತಿಯೂ ಇದೆ. 1863ರ ಜುಲೈ 14ರ ಪತ್ರದಿಂದ ಶುರು ಮಾಡು. ಅಮೆರಿಕದ ಅಂತರ್ಯುದ್ಧದಲ್ಲಿ ಗೆಟಿಸ್ಬರ್ಗ್ ಕದನ ಗೆದ್ದರೂ ಶತ್ರು ಸೈನ್ಯ ತಪ್ಪಿಸಿಕೊಳ್ಳಲು ಬಿಟ್ಟ ತಮ್ಮದೇ ಸೇನೆಯ ಜನರಲ್ ಮೀಡ್ ಮೇಲೆ ಸಿಟ್ಟಾಗಿ ಲಿಂಕನ್ ಅದನ್ನು ಬರೆದರು. ಆಮೇಲೆ ಸುಮ್ನೆ ಇಟ್ಟುಕೊಂಡರು. ‘ಕಳಿಸಲಿಲ್ಲ, ಸಹಿಯನ್ನೂ ಮಾಡಲಿಲ್ಲ’ ಅಂತ ಲಕೋಟೆ ಮೇಲೆ ಅವರದೇ ಕೈಬರಹವಿದೆ.