ಬಸ್ ಹತ್ತಲ್ಲ ಅಂದ ಅಕ್ಕ, ಬೆಲ್ಲ ಕಾಪಿ, ಸಕ್ಕರೆ ಬದಲಿನ ಮಾತ್ರೆ

ಮಡಿಕೇರಿಯ ನನ್ನ ಕೌನ್ಸೆಲಿಂಗ್ ರೂಮಿಗೆ ಈ ಅಕ್ಕ ಬಂದಿದ್ದು ಸಕ್ಕರೆ ವಿಷಯಕ್ಕೆ ಅಲ್ಲವೇ ಅಲ್ಲ. ಹೆಸರು, ಒಂದೆರಡು ವಿವರ ಬದಲಿಸಿದ್ದೀನಿ, ಗೀತಕ್ಕ ಅಂತಿಟ್ಕೊಳ್ಳಿ, ಐವತ್ತರ ಹತ್ತಿರ ವಯಸ್ಸು, ನಾಪೋಕ್ಲು ಕಡೆ ಸಣ್ಣ ಕಾಫಿ ತೋಟ. ಮಗಳು ಜೀಪಲ್ಲಿ ಕರ್ಕೊಂಡು ಬಂದಿದ್ಳು, ಅಮ್ಮ ಮದುವೆಗೂ ಹೋಗಲ್ಲ ಸಂತೆಗೂ ಹೋಗಲ್ಲ, ಬಸ್ ಅಂದ್ರೆ ಬೆವರ್ತಾರೆ, ಡಿಪ್ರೆಶನ್ ಇರ್ಬೇಕು ನೋಡಿ ಮೇಡಂ ಅಂತ.

ಮಗಳನ್ನ ಹೊರಗೆ ಕೂರಿಸಿ ಕೇಳಿದೆ. ಸುಮಾರು ಹೊತ್ತು ಸೆರಗಿನ ಅಂಚು ಸುತ್ತುತ್ತಾ ಕೂತಿದ್ರು, ಆಮೇಲೆ ಮೆಲ್ಲಗೆ "ಹೊಟ್ಟೆ ಮೇಡಂ" ಅಂದ್ರು. ನಾಪೋಕ್ಲಿಂದ ಮಡಿಕೇರಿಗೆ ಬರೋ ತಿರುವುಗಳಲ್ಲಿ ಒಂದಿನ ಹೊಟ್ಟೆ ಕೈಕೊಟ್ಟಿದೆ, ಡ್ರೈವರ್‌ಗೆ ಹೇಳೋಕೆ ನಾಚಿಕೆ, ಇಳಿದ್ರೆ ಎರಡೂ ಕಡೆ ತೋಟದ ಬೇಲಿ. ಹೆಂಗೋ ತಡ್ಕೊಂಡು ಬಂದ್ರಂತೆ, ಅವತ್ತಿಂದ ಬಸ್ ಬಂದ್.

ಕಥೆ ಶುರು ಅದಕ್ಕೂ ಮುಂಚೆ. ಶುಗರ್ ಟೆಸ್ಟಲ್ಲಿ ಎಚ್‌ಬಿಎ1ಸಿ, ಅಂದ್ರೆ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ಅಂಕಿ, 6.9 ಬಂದಿತ್ತು, 6.5 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಡಯಾಬಿಟಿಸ್ ಅಂತ ಲೆಕ್ಕ. ಅದೇ ವಾರ ಡಾಕ್ಟ್ರು ಶುಗರ್ ಇಳಿಸೋ ಮೆಟ್‌ಫಾರ್ಮಿನ್ ಬರೆದ್ರು, ಇವರು ಸಕ್ಕರೆ ಬೆಲ್ಲ ಎರಡೂ ಬಿಟ್ಟು ಸ್ವೀಟ್ನರ್ ಮಾತ್ರೆ ಡಬ್ಬಿ ತಂದ್ರು, ಬೆಂಗಳೂರಲ್ಲಿರೋ ಮಗ ಶುಗರ್ ಫ್ರೀ ಚಾಕಲೇಟ್, ಬಿಸ್ಕೆಟ್ ಕಳಿಸಿದ. ಆಮೇಲೆ ತಲೆನೋವು, ಹೊಟ್ಟೆ ಉಬ್ಬರ, ಭೇದಿ. "ಆ ಸ್ವೀಟ್ನರ್ ಮಾತ್ರೆ ನನಗೆ ಆಗಲ್ಲ" ಅಂದ್ರೆ ಮನೇಲಿ ಯಾರೂ ನಂಬ್ತಿಲ್ಲ. ಅತ್ತೆ "ನಾವೆಲ್ಲ ಬೆಲ್ಲ ತಿಂದೇ ಬೆಳೆದಿದ್ದು" ಅಂತಾರೆ, ಗಂಡ "ಇವಳಿಗೆ ಬೆಲ್ಲ ಬೇಕು, ಅದಕ್ಕೆ ನೆಪ" ಅಂತಾರೆ. ಅದೊಂದು ಮಾತು ಹೇಳುವಾಗ ಮಾತ್ರ ಅತ್ತರು.

ನಾನು ಡಾಕ್ಟ್ರಲ್ಲ, ಮಾತ್ರೆ ನಿಲ್ಸಿ ಅಂತ ಹೇಳೋ ಹಕ್ಕು ನನಗಿಲ್ಲ. ಆದ್ರೆ ಒಂದೇ ವಾರದಲ್ಲಿ ಇಷ್ಟೆಲ್ಲ ಬದಲಾದ್ರೆ ಕಳ್ಳ ಯಾರು ಅಂತ ಹೇಗೆ ಗೊತ್ತಾಗತ್ತೆ? ಮಗಳ ಹಳೇ ನೋಟ್‌ಬುಕ್ಕಲ್ಲಿ ಎರಡು ವಾರ ಬರೆಯೋಕೆ ಹೇಳಿದೆ, ಏನು ತಿಂದ್ರಿ, ಎಷ್ಟು ಹೊತ್ತಿಗೆ, ಆಮೇಲೆ ಏನಾಯ್ತು, ಅಷ್ಟೇ, ಮನಸ್ಸಿನ ಕಥೆ ಬೇಡ. ತಿನ್ನೋ ಪ್ಯಾಕೆಟ್ಟುಗಳನ್ನೂ ತನ್ನಿ ಅಂದೆ.

ಪ್ಯಾಕೆಟ್ ತಂದ್ರು. ಅಕ್ಷರ ಎಷ್ಟು ಸಣ್ಣದು ಅಂದ್ರೆ ಮೊಬೈಲ್ ಟಾರ್ಚ್ ಹಾಕಿ ಇಬ್ರೂ ತಲೆ ಬಗ್ಗಿಸಿ ಓದಿದ್ವಿ. ಚಾಕಲೇಟಲ್ಲಿ ಮಾಲ್ಟಿಟಾಲ್, ಬಿಸ್ಕೆಟಲ್ಲಿ ಸಾರ್ಬಿಟಾಲ್, ಕೆಳಗೆ ಭೇದಿ ಆಗಬಹುದು ಅಂತ ಇಂಗ್ಲಿಷಲ್ಲಿ ಒಂದು ಸಾಲು. ಸಕ್ಕರೆ ಬದಲಿಗೆ ಹಾಕೋ ಇವನ್ನ ಪಾಲಿಯಾಲ್ ಅಂತಾರೆ, ಸಣ್ಣ ಕರುಳು ಪೂರ್ತಿ ಹೀರ್ಕೊಳ್ಳಲ್ಲ, ಉಳಿದಿದ್ದು ನೀರನ್ನ ಒಳಗೆ ಎಳೆಯುತ್ತೆ, ದೊಡ್ಡ ಕರುಳಲ್ಲಿ ಬ್ಯಾಕ್ಟೀರಿಯಾ ಅದನ್ನ ಹುಳಿಸಿ ಗ್ಯಾಸ್ ಮಾಡುತ್ತೆ. ಎಷ್ಟು ತಿಂದ್ರೆ ಹೊಟ್ಟೆ ಕೆಡುತ್ತೆ ಅನ್ನೋದು ಒಬ್ಬೊಬ್ಬರಿಗೆ ಒಂದೊಂದು. ಬಸ್ ದಿನ ಏನು ತಿಂದಿದ್ರಿ ಅಂದೆ. "ಹಸಿವಾಗ್ಬಾರ್ದು ಅಂತ ಅರ್ಧ ಚಾಕಲೇಟ್." ಅಲ್ಲಿಗೆ ಅವರ ಮುಖ ನೋಡ್ಬೇಕಿತ್ತು. ಮೆಟ್‌ಫಾರ್ಮಿನ್ ಕೂಡ ಶುರುವಿನಲ್ಲಿ ಹಲವರಿಗೆ ಭೇದಿ ಮಾಡ್ಸುತ್ತೆ, ಅದಕ್ಕೆ ಡೈರಿ ಹಿಡ್ಕೊಂಡು ಡಾಕ್ಟ್ರ ಹತ್ರ ವಾಪಸ್ ಕಳಿಸಿದೆ, ಅವರು ನಿಧಾನಕ್ಕೆ ಬಿಡುಗಡೆ ಆಗೋ ಮಾತ್ರೆಗೆ ಬದಲಾಯಿಸಿ ಊಟ ಆದ್ಮೇಲೆ ತಗೊಳ್ಳಿ ಅಂದ್ರು.

ತಲೆನೋವು ಮಾತ್ರ ಬೇರೆ ಕಥೆ. ಮುಂಚೆ ದಿನಕ್ಕೆ ಐದು ಲೋಟ ಬೆಲ್ಲ ಕಾಪಿ. ಕಾಪಿಗೆ ಮಾತ್ರೆ ಹಾಕಿದ್ರೆ ನಾಲಿಗೆಗೆ ಒಗ್ಗಲ್ಲ ಅಂತ ಕಾಪಿನೇ ಬಿಟ್ಟು, ಮಾತ್ರೆ ಹಾಕಿದ ಅರ್ಧ ಲೋಟ ಟೀಗೆ ಬಂದಿದ್ರು. ತಡೆಯೋಕಾಗದ ದಿನ ಕದ್ದು ಬೆಲ್ಲ ಕಾಪಿ, ಅರ್ಧ ಗಂಟೆಲಿ ತಲೆನೋವು ಮಾಯ. ಸೋ ಮಾತ್ರೆ ವಿಷ, ಬೆಲ್ಲ ಔಷಧಿ. ಲೆಕ್ಕ ತಪ್ಪು ಅಂತ ಯಾರು ಹೇಳ್ತಾರೆ ಹೇಳಿ, ನಾನಾಗಿದ್ರೂ ಹಾಗೇ ಅಂದ್ಕೊಳ್ತಿದ್ದೆ. ಆದ್ರೆ ಡೈರಿಲಿ ತಲೆನೋವು ಬಂದಿದ್ದೆಲ್ಲ ಕಾಪಿ ಇಲ್ಲದ ದಿನ. ಕಾಪಿಯಲ್ಲಿರೋ ಕೆಫೀನ್ ಥಟ್ಟನೆ ಬಿಟ್ರೆ 12ರಿಂದ 24 ಗಂಟೆ ಒಳಗೆ ತಲೆನೋವು ಶುರುವಾಗುತ್ತೆ, ವಾರದ ತನಕ ಎಳೀಬಹುದು, ಇವರು ನಡುನಡುವೆ ಕುಡಿದು ಮತ್ತೆ ಮತ್ತೆ ಮೊದಲಿಂದ ಶುರು ಮಾಡ್ತಿದ್ರು.

"ಹಾಗಾದ್ರೆ ನಾನು ಹೇಳಿದ್ದು ಸುಳ್ಳಾ?" ಅಂತ ಸಿಟ್ಟಾದ್ರು. ಇಲ್ಲಕ್ಕ, ನೋವು ನಿಜ, ನೀವು ಹಿಡಿದ ಕಳ್ಳ ಬೇರೆ ಅಷ್ಟೆ ಅಂದೆ. ಅವರ ಸ್ವೀಟ್ನರ್ ಮಾತ್ರೆಯಲ್ಲಿದ್ದ ಸಿಹಿ ಆಸ್ಪರ್ಟೇಮ್, ಅದು ಆಗಲ್ಲ ಅನ್ನೋರಿಗೆ ಗೊತ್ತಾಗದ ಹಾಗೆ ಕೊಟ್ಟು ನೋಡಿದ ಬ್ರಿಟನ್ ಪ್ರಯೋಗವೊಂದು 2015ರಲ್ಲಿ ಪ್ರಕಟ ಆಯ್ತು, ತೊಂದರೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಮನೇಲಿ ಹಾಗೆ ನೋಡೋಕಾಗಲ್ಲ, ನಾಲಿಗೆ ಕಂಡುಹಿಡಿದುಬಿಡುತ್ತೆ. ವಾಟ್ಸಾಪಲ್ಲಿ ಬಂದ ಕ್ಯಾನ್ಸರ್ ಮೆಸೇಜೂ ತೋರಿಸಿದ್ರು. 2023ರ ಜುಲೈಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಆಸ್ಪರ್ಟೇಮನ್ನ 'ಕ್ಯಾನ್ಸರ್ ತರಬಹುದಾದ' ಪಟ್ಟಿಗೆ ಹಾಕಿದ್ದು ಹೌದು, ಪುರಾವೆ ಸೀಮಿತ ಅಂತಾನೂ ಹೇಳಿತ್ತು. ದಿನದ ಮಿತಿ ಕೆಜಿ ತೂಕಕ್ಕೆ 40 ಮಿಲಿಗ್ರಾಂ ಅಂತಾನೇ ಉಳೀತು, 60 ಕೆಜಿಯವರಿಗೆ 2400, ಒಂದು ಮಾತ್ರೆಯಲ್ಲಿ ಸಾಮಾನ್ಯವಾಗಿ ಇರೋದು 20ರ ಆಸುಪಾಸು. ಹುಟ್ಟಿನಿಂದ ಫೀನೈಲ್‌ಕೀಟೋನೂರಿಯಾ (ಆಸ್ಪರ್ಟೇಮಲ್ಲಿರೋ ಒಂದು ಅಂಶವನ್ನ ದೇಹ ಒಡೆಯಲಾಗದ ಕಾಯಿಲೆ) ಇರೋರು ಮಾತ್ರ ಮುಟ್ಟಲೇಬಾರದು. ಇಷ್ಟೆಲ್ಲ ಹೇಳಿ, ಬೇಡ ಅನ್ಸಿದ್ರೆ ಬಿಡಿ, ಸಿಹಿ ಬದಲಿಗೆ ಸಿಹಿಯೇ ಬೇಕು ಅಂತ ಯಾರೂ ಹೇಳಿಲ್ಲ ಅಂದೆ.

ಕೊನೆಗೆ ಕೊಟ್ಟ ಸಲಹೆ ಇಷ್ಟು. ಪಾಲಿಯಾಲ್ ತಿಂಡಿ ಪೂರ್ತಿ ಬಂದ್, ಕಾಪಿ ವಾಪಸ್, ಆದ್ರೆ ದಿನಕ್ಕೆ ಎರಡೇ ಸಣ್ಣ ಲೋಟ, ಸಪ್ಪೆ. ಬೆಲ್ಲ, ಜೇನಿಗೂ ಶುಗರ್ ಏರುತ್ತೆ, ಕೊಡಗಿನ ಜೇನು ಅಂತ ವಿನಾಯಿತಿ ಇಲ್ಲ. ಏನೇ ಬದಲಾಯಿಸಿದ್ರೂ ವಾರಕ್ಕೆ ಒಂದೇ. ಬಸ್ಸಿಗೆ ಮೊದಲು ಮಗಳ ಜೊತೆ ಎರಡು ಸ್ಟಾಪ್, ಆಮೇಲೆ ನಾಲ್ಕು.

ಮೂರನೇ ಸಲ ಗಂಡನನ್ನ ಕರೆಸಿದೆ. ಮನುಷ್ಯ ಕುರ್ಚಿ ತುದೀಲಿ ಕೂತು, ನಮ್ಮಣ್ಣನ ಕಾಲು ಶುಗರ್‌ಗೆ ಹೋಯ್ತು ಮೇಡಂ ಅಂದ್ರು, ಅಷ್ಟೇ ಅಂದಿದ್ದು. ಗೀತಕ್ಕ ತಿರುಗಿ ನೋಡಿದ್ರು. "ಹೆದರಿಕೆ ಅಂತ ಹೇಳ್ಬೇಕಿತ್ತಲ್ಲ, ನೆಪ ಅಂತ ಯಾಕೆ ಅಂದ್ರಿ?" ಅವರತ್ರ ಉತ್ತರ ಇರಲಿಲ್ಲ, ನಾನೂ ಹುಡುಕಿ ಕೊಡೋಕೆ ಹೋಗಲಿಲ್ಲ.

ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ ಗೀತಕ್ಕ ಫೋನ್ ಮಾಡಿದ್ರು. ಹಬ್ಬದ ಸಿಹಿ ತಂಬುಟ್ಟು ಒಂದೇ ಚಮಚ ತಿಂದ್ರಂತೆ, ಅತ್ತೆ ಇವರಿಗೆ ಬೇರೆ ಲೋಟ ಇಟ್ಟಿದ್ದಾರಂತೆ, "ಇದೂ ಒಂದು ಕಾಪಿಯಾ" ಅಂತ ಬೈತಾನೇ ಸಪ್ಪೆ ಕಾಪಿ ಬಗ್ಗಿಸ್ತಾರಂತೆ. ಬಸ್ಸಲ್ಲಿ ಅರ್ಧ ದಾರಿ ಬಂದಾಗಿದೆ. ಮದುವೆ ಮನೆ ಪಾಯಸ ತಿಂದಾಗ ಎದೆ ಡವಡವ ಅನ್ನೋದು ಮಾತ್ರ ಇನ್ನೂ ಇದೆ, ಅದಕ್ಕೆ ಡಾಕ್ಟ್ರು ಇಸಿಜಿ ಬರೆದಿದ್ದಾರೆ, ಮುಂದಿನ ವಾರ.